ಎರಡು ದಿನದ ಮಟ್ಟಿಗೆ ಅಮೆರಿಕಕ್ಕೆ

ತ್ಯಾಗಲಿ

ನಮ್ಮ ಕಡೆ ಮನೆಗೆ ಬಂದ ನೆಂಟರು ಚೀಲ ಕೆಳಗಿಡುವ ಮೊದಲೇ "ನಾಳೆ ಬೆಳಿಗ್ಗೆ ಹೊರಟೆ" ಅನ್ನುತ್ತಾರೆ. ನಾವು "ಎಂತ ಅವಸರ, ನಾಲ್ಕು ದಿನ ಇದ್ದು ಹೋಗಿ" ಅನ್ನಬೇಕು. ಅವರು ಬೇಡ ಅನ್ನಬೇಕು. ನಾವು ಬಿಡಬಾರದು. ಹೀಗೆ ಎಳೆದಾಡಿ ಕಡೆಗೆ ಎಂಟು ದಿನ ಇದ್ದು, ಹೋಗುವಾಗ ಕಣ್ಣಲ್ಲಿ ನೀರು ತಂದುಕೊಂಡು ಹೋಗುತ್ತಾರೆ. ಬಂದ ಕೂಡಲೇ "ಎಂಟು ದಿನ ಇರ್ತೇನೆ" ಅಂದವರನ್ನು ನಾನು ಈ ಐವತ್ತೆರಡು ವರ್ಷದಲ್ಲಿ ಕಂಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದಾದದ್ದಕ್ಕೆಲ್ಲ ಇದೇ ಕಾರಣ.

ನಾನು ಅಮೆರಿಕಕ್ಕೆ ಹೋದದ್ದು ಊರು ನೋಡಲಿಕ್ಕಲ್ಲ, ತಂಗಿ ಮಂಗಲಾಳನ್ನು ಒಂದು ಸಲ ಮನೆಗೆ ಕರೆದುಕೊಂಡು ಬರಲಿಕ್ಕೆ. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ನಮ್ಮನ್ನು ಹೆತ್ತ ಆಯಿ ತೀರಿಕೊಂಡಳು. ಆಗ ನನಗೆ ಹದಿನಾಲ್ಕು. ಅವಳ ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ಮದುವೆಯಾಗಿ ತ್ಯಾಗಲಿಗೆ ಬರುವಾಗಲೂ ಅವಳ ಕೈ ಹಿಡಿದುಕೊಂಡೇ ಬಂದೆ. ಇಲ್ಲಿಂದಲೇ ಅವಳ ಮದುವೆ ಆಯಿತು. ಹಾಗಾಗಿ ನಮ್ಮ ಮನೆಯೇ ಅವಳ ತವರು. ಗಂಡ ಶ್ರೀಪಾದ ಅಲ್ಲಿ ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ಹೋದ ಮರುವರ್ಷ ಒಮ್ಮೆ ಬಂದಿದ್ದಳು. ಆಮೇಲೆ ಹನ್ನೊಂದು ವರ್ಷ ಇಲ್ಲ. ಪ್ರತಿ ಗೌರಿ ಹಬ್ಬದಲ್ಲೂ ಫೋನಿನಲ್ಲಿ "ಮುಂದಿನ ವರ್ಷ ಬತ್ತೆ ಅಕ್ಕಾ" ಅನ್ನುತ್ತಿದ್ದಳು. ನಾನು ಅವಳ ಹೆಸರಿನ ಬಾಗಿನದ ಮೊರ ತುಂಬಿಸಿ, ಅವಳಿಲ್ಲವೆಂದು ಬೇರೆ ಮುತ್ತೈದೆಗೆ ಕೊಡುತ್ತಿದ್ದೆ. ಹನ್ನೊಂದು ಮೊರ ಹಾಗೆ ಕೊಟ್ಟಾಯಿತು.

ಊರಲ್ಲಿ ಮಾತು ಹುಟ್ಟಿತ್ತು. ಪಕ್ಕದ ಮನೆಯ ಸೀತಕ್ಕ ಒಂದು ದಿನ ಜಗಲಿಯಲ್ಲಿ ಕೂತು, ದನಿ ಇಳಿಸಿ ಹೇಳಿದಳು: "ಮಂಗಲಾನ ವೀಸಾ ಮುಗಿದು ವರ್ಷಗಟ್ಲೆ ಆತಡ. ಅಲ್ಲಿ ಕದ್ದು ಕೂತಿದ್ದಡ. ಅದಕ್ಕೇ ಬಪ್ಪಲೆ ಆಗ್ತಿಲ್ಲೆ. ಆನು ಹೇಳ್ದೆ ಅಂತ ಯಾರಿಗೂ ಹೇಳಡ." ಅಷ್ಟರಲ್ಲಿ ಅವಳೇ ನಾಲ್ಕು ಮನೆಗೆ ಹೇಳಿ ಬಂದಾಗಿತ್ತು. ನಾನು "ಸುಳ್ಳು" ಅಂದೆ. ಆದರೆ ದೇವರ ಮುಂದೆ ಕೂತಾಗ ಎದೆಯೊಳಗೆ ಒಂದು ಮುಳ್ಳು ಆಡುತ್ತಿತ್ತು.

ನನಗೆ ಹತ್ತು ವರ್ಷದ ವೀಸಾ ಸಿಕ್ಕಿತು ಎಂಬ ಸುದ್ದಿ ಹಬ್ಬಿದಾಗ ತ್ಯಾಗಲಿಯ ಅರ್ಧ ಜನ ನಾನು ಹತ್ತು ವರ್ಷಕ್ಕೆ ಹೊರಟೆ ಅಂತಲೇ ತಿಳಿದರು. ಒಬ್ಬರು ನನ್ನ ರುಬ್ಬುವ ಕಲ್ಲು ಕೇಳಿಕೊಂಡು ಬಂದರು, ಇನ್ನೊಬ್ಬರು ತುಳಸಿಗೆ ನೀರು ಹಾಕುತ್ತೇನೆಂದು ದುಃಖಪಟ್ಟರು. ನಮ್ಮವರು ಊರ ಗಣಪತಿಗೆ ನಿತ್ಯ ಪೂಜೆ ಮಾಡುವವರು. ದೇವರಿಗೆ ರಜೆ ಇಲ್ಲದ್ದರಿಂದ ಅವರು ಬರುವಂತಿರಲಿಲ್ಲ. "ಹತ್ತು ವರ್ಷ ಅಡುಗೆ ಯಾರು ಮಾಡ್ತ ಭಟ್ರೇ?" ಎಂದು ಅವರನ್ನು ಕೇಳಿದವರೂ ಇದ್ದಾರೆ. ಇವರು "ಗಣಪತಿಗೆ ಹೇಳಿದ್ದೇನೆ" ಅಂದು ಗಂಟೆ ಬಾರಿಸಿದರು. ನನ್ನ ಟಿಕೆಟ್ ಇದ್ದದ್ದು ನಾಲ್ಕು ತಿಂಗಳಿಗೆ.

ಹೊರಡುವ ದಿನ ಸೀತಕ್ಕ ಬುದ್ಧಿ ಹೇಳಿದಳು. "ಅಲ್ಲಿ ಕೇಳ್ತ. ಹೆಚ್ಚು ದಿನ ಅಂದ್ಯೋ, ಅಲ್ಲಿಂದಲೇ ತಿರುಗ್ಸಿ ಕಳಿಸ್ತ. ತಿಂಬ ಸಾಮಾನು ಇದ್ದಾ ಕೇಳಿದ್ರೆ ಇಲ್ಲೆ ಹೇಳು. ನಗಡ. ಅಳಡ."

ದೋಹಾ

ನಡುವೆ ವಿಮಾನ ಬದಲಿಸುವಲ್ಲಿ ನನಗೆ ಜೊತೆ ಸಿಕ್ಕಿದ್ದು ಗುಂಟೂರಿನ ಒಬ್ಬ ಅಜ್ಜಿ. ಅವರಿಗೆ ಕನ್ನಡ ಬಾರದು, ನನಗೆ ತೆಲುಗು ಬಾರದು. ಚಲಿಸುವ ಮೆಟ್ಟಿಲಿನ ಎದುರು ಇಬ್ಬರೂ ಒಂದೇ ಸಲ ನಿಂತೆವು, ಕೈ ಕೈ ಹಿಡಿದುಕೊಂಡೆವು, "ಗೋವಿಂದಾ" ಅಂದೆವು, ಹತ್ತಿದೆವು. ದೇವರು ಎಲ್ಲ ಭಾಷೆಯಲ್ಲೂ ಒಂದೇ ಹೆಸರಿಟ್ಟುಕೊಂಡದ್ದು ಎಂಥ ಉಪಕಾರ.

ಅಜ್ಜಿ ನನ್ನ ಬಳೆ ಮುಟ್ಟಿ ಕೈಸನ್ನೆಯಲ್ಲಿ ತೆಗೆ ಅಂದರು. ಚಿನ್ನ ಹೆಚ್ಚಿದ್ದರೆ ಮಾರಲಿಕ್ಕೆ ತಂದದ್ದು ಅನ್ನುತ್ತಾರಂತೆ, ಅಷ್ಟು ಸನ್ನೆಯಲ್ಲೇ ತಿಳಿಯಿತು. ಪಕ್ಕದ ಗುಜರಾತಿ ಹೆಂಗಸು, ಬಳೆ ಇಲ್ಲದಿದ್ದರೆ ಬಡವರು, ಇಲ್ಲೇ ಉಳಿದುಬಿಡುತ್ತಾರೆ ಅಂದುಕೊಳ್ಳುತ್ತಾರೆ, ಹಾಕಿಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿದರು. ಹಿಂದೆ ಕೂತಿದ್ದವರು ಫೋನಿನಲ್ಲಿ ಮೊಮ್ಮಗುವಿನ ಫೋಟೋ ಇದ್ದರೆ ಅಳಿಸಿ, ಮಗು ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದೀರಿ ಅನ್ನುತ್ತಾರೆ ಅಂದರು. ಅಜ್ಜಿ ಮೊಮ್ಮಗನ ಫೋಟೋ ಒಂದೊಂದಾಗಿ ಅಳಿಸುವುದನ್ನು ನೋಡಿ ನನಗೆ ತಡೆಯಲಿಲ್ಲ. ಕೊನೆಯದೊಂದನ್ನು ಅಳಿಸಲು ಬಿಡಲಿಲ್ಲ, ಫೋನನ್ನೇ ಅವರ ಚೀಲಕ್ಕೆ ಹಾಕಿದೆ. ಅಷ್ಟು ಜನ ಅಷ್ಟು ಹೇಳಿದರು. ಅವರಲ್ಲಿ ಒಬ್ಬರಾದರೂ ಆ ನಿಯಮವನ್ನು ಬರೆದದ್ದು ಓದಿದವರಲ್ಲ. ನಾನೂ ಓದಿರಲಿಲ್ಲ.

ಚಿಕಾಗೋ

ಕೌಂಟರಿನಲ್ಲಿದ್ದವರು ಅರ್ಧ ನೆರೆತ ಮೀಸೆಯ ದೊಡ್ಡ ಆಳು. ನೋಡಿದರೆ ಸಿರಸಿ ಸಂತೆಯಲ್ಲಿ ಬೆಲ್ಲ ತೂಗುವವರ ಹಾಗೆ ಇದ್ದರು, ಮುಖ ಕೆಟ್ಟದ್ದಲ್ಲ. ಬೆರಳಚ್ಚು ತೆಗೆದುಕೊಂಡರು. ಯಾರ ಮನೆಗೆ ಅಂದರು. "ಮೈ ಸಿಸ್ಟರ್" ಅಂದೆ. ಎಷ್ಟು ದಿನ ಇರ್ತೀರಿ ಅಂದರು. ಸಿದ್ದಾಪುರದಲ್ಲಿ ಹತ್ತನೇ ಇಯತ್ತೆ ಮುಗಿಸಿದವಳು ನಾನು, ಅಷ್ಟು ಇಂಗ್ಲಿಷ್ ತಿಳಿಯುತ್ತದೆ.

"ಟೂ ಡೇಸ್" ಅಂದೆ.

ಸೀತಕ್ಕನ ಮಾತು ತಲೆಯಲ್ಲಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವಳು ಹೇಳದೇ ಇದ್ದರೂ ನನ್ನ ಬಾಯಲ್ಲಿ ಅದೇ ಬರುತ್ತಿತ್ತು. ಕಂಡವರ ಮನೆ ಬಾಗಿಲಲ್ಲಿ ನಿಂತು ನಾಲ್ಕು ತಿಂಗಳು ಇರುತ್ತೇನೆ ಅನ್ನಲಿಕ್ಕೆ ನಾಲಿಗೆ ಏಳಬೇಕಲ್ಲ. ಈಗ ನೆನೆದರೆ ನಗು ಬರುತ್ತದೆ, ಅವರು "ಎಂತ ಅವಸರ" ಅನ್ನುತ್ತಾರೆ ಎಂದು ಕಾಯುತ್ತಿದ್ದೆ.

ಅವರು ಅನ್ನಲಿಲ್ಲ. ಕತ್ತೆತ್ತಿ ನೋಡಿದರು. ತೀರ ಕಡಿಮೆಯಾಯಿತೇನೋ ಎಂದು "ಮ್ಯಾಕ್ಸಿಮಮ್ ತ್ರೀ" ಅಂತ ಸೇರಿಸಿದೆ. ವಾಪಸ್ ಟಿಕೆಟ್ ತೋರಿಸಿ ಅಂದರು. ತೋರಿಸಿದೆ. ಟಿಕೆಟಿನಲ್ಲಿ ಡಿಸೆಂಬರ್, ಹೊರಗೆ ಆಗಸ್ಟ್. ಅವರು ಟಿಕೆಟ್ ನೋಡಿದರು, ನನ್ನನ್ನು ನೋಡಿದರು, ಪಾಸ್‌ಪೋರ್ಟನ್ನು ಒಂದು ಲಕೋಟೆಗೆ ಹಾಕಿ ಪಕ್ಕದ ಕೋಣೆ ತೋರಿಸಿದರು.

ಆ ಕೋಣೆಯಲ್ಲಿ ಸಾಲು ಕುರ್ಚಿ. ಫೋನ್ ಮುಟ್ಟಬಾರದು ಎಂದು ಬರೆದಿತ್ತು. ಹೊರಗೆ ಮಂಗಲಾ ಕಾಯುತ್ತಿದ್ದಾಳೆ, ಹನ್ನೊಂದು ವರ್ಷದ ಮೇಲೆ ಅವಳಿಗೂ ನನಗೂ ನಡುವೆ ಇನ್ನು ಒಂದು ಗೋಡೆ ಮಾತ್ರ, ಅದನ್ನು ನನ್ನ ಬಾಯಿಂದ ನಾನೇ ಎತ್ತರ ಮಾಡಿಕೊಂಡೆ. ಇಲ್ಲಿಂದಲೇ ತಿರುಗಿಸಿದರೆ ಅವಳ ಮುಖವನ್ನೂ ನೋಡದೇ ಹೋಗಬೇಕು. ಮಣಿಸರ ತಂದಿರಲಿಲ್ಲ, ಬೆರಳ ಗೆಣ್ಣಿನ ಮೇಲೆ ಗಣಪತಿಯ ಹೆಸರು ಎಣಿಸಿದೆ. ಎಷ್ಟು ಸುತ್ತಾಯಿತೋ ಗೊತ್ತಿಲ್ಲ.

ಆಮೇಲೆ ಅದೇ ಮೀಸೆಯವರು ಬಂದು ಮೇಜಿನ ಮೇಲಿನ ಫೋನಿನ ಗುಂಡಿ ಒತ್ತಿದರು. ಒಳಗಿನಿಂದ ಹೆಂಗಸಿನ ದನಿ ಬಂತು: "ಅಕ್ಕಾರ, ನಮಸ್ಕಾರ್ರಿ. ನಾ ಕನ್ನಡ ಅನುವಾದ ಮಾಡಾಕಿರಿ. ಅವರು ಹೇಳಿದ್ದ ನಿಮಗ, ನೀವು ಹೇಳಿದ್ದ ಅವರಿಗೆ. ನಂದೇನೂ ಸೇರಸೂದಿಲ್ರಿ."

ಧಾರವಾಡ ಕಡೆಯ ದನಿ. ಯಾರೋ, ಎಲ್ಲಿ ಕೂತಿದ್ದಳೋ. ಸೀತಕ್ಕ ಅಳಬೇಡ ಅಂದದ್ದು ಆಗ ನೆನಪಿಗೆ ಬಂತು, ಆದರೆ ತಡವಾಗಿತ್ತು.

"ಎರಡು ದಿನ ಅಂತ ಯಾಕ ಹೇಳಿದ್ರಿ ಅಂತ ಕೇಳಾಕತ್ತಾರ್ರಿ."

ನಾನು ಹೇಳಿದೆ. ನಮ್ಮಲ್ಲಿ ನೆಂಟರು ಬಂದ ಕೂಡಲೇ ಹೊರಡುವ ಮಾತಾಡುತ್ತಾರೆ. ಎಷ್ಟು ದಿನ ಎಂದು ಹೇಳುವುದು ಬಂದವರಲ್ಲ, ಮನೆಯವರು. ಇದು ಅವರ ದೇಶ, ಅವರ ಬಾಗಿಲು, ಅಷ್ಟುದ್ದ ಸಮಯ ನಾನಾಗಿ ಕೇಳಲಿಕ್ಕೆ ನಾಚಿಕೆಯಾಯಿತು. ಇರುವುದು ಡಿಸೆಂಬರ್ ತನಕ. ತಂಗಿಯನ್ನು ನೋಡದೆ ಹನ್ನೊಂದು ವರ್ಷವಾಯಿತು. ಕೆಲಸಕ್ಕೆ ಬಂದದ್ದಲ್ಲ. ಊರಲ್ಲಿ ಗಂಡ ಇದ್ದಾರೆ, ಗಣಪತಿ ಇದ್ದಾನೆ, ಇಬ್ಬರಿಗೂ ನೈವೇದ್ಯ ಆಗಬೇಕು, ಹೋಗದೇ ಉಪಾಯವಿಲ್ಲ.

"ಖರೇ ಅದರಿ ಅಕ್ಕಾರ, ನಮ್ಮ ಕಡೀನೂ ಹಿಂಗ…" ಎಂದು ತಾನೇ ಹಾಕಿಕೊಂಡ ನಿಯಮ ಮರೆತು ಬಾಯಿಬಿಟ್ಟಳು, ಕೂಡಲೇ ಇಂಗ್ಲಿಷಿಗೆ ಹೊರಳಿದಳು. ಬಹಳ ಹೊತ್ತು ಹೇಳಿದಳು. ಮೀಸೆಯ ಕೆಳಗೆ ಏನೋ ಅಲ್ಲಾಡಿತು. ಅವರು ನಿಧಾನವಾಗಿ ಮಾತಾಡಿದರು, ಅವಳು ಹೇಳಿದಳು: "ಇಲ್ಲಿ ಹಂಗಲ್ರಿ ಅಂತ. ಇಲ್ಲಿ ಬಂದವರು ಮೊದಲ ಖರೇ ಹೇಳಬೇಕು, ಆಮ್ಯಾಲ ನಾವು ಎಷ್ಟು ದಿನ ಅಂತ ಹೇಳತೇವಿ ಅಂತ. ವೀಸಾ ಹತ್ತು ವರ್ಷದ್ದು ಇದ್ರ, ಅದು ಹತ್ತು ವರ್ಷದಾಗ ಬಂದು ಬಾಗಿಲ ಬಡಿಯಾಕರಿ. ಒಳಗ ಇರಾಕ ನಿಮಗ ಆರು ತಿಂಗಳು ಕೊಟ್ಟಾರ. ಆ ತಾರೀಖು ದಾಟಬಾರದಂತ."

ತಿನ್ನುವ ಸಾಮಾನು ಇದೆಯಾ ಎಂದು ಮುಂದಿನ ಮೇಜಿನಲ್ಲಿ ಕೇಳಿದರು. ಒಂದು ದಿನಕ್ಕೆ ಒಂದು ಪಾಠ ಸಾಕು. ಇದೆ ಅಂದೆ, ಎಲ್ಲ ಬಿಚ್ಚಿದೆ. ಮಿಡಿ ಉಪ್ಪಿನಕಾಯಿ ಮೂಸಿ ನೋಡಿ ಹಾಗೇ ಇಟ್ಟರು. ಈ ಸಲ ಮಂಗಲಾಗೆಂದೇ ತಂದಿದ್ದ ಬಾಗಿನದ ಮೊರ ತಿರುಗಿಸಿ ನೋಡಿದರು, ಬಳೆ, ಕುಂಕುಮ, ರವಿಕೆ ಕಣ, ಕನ್ನಡಿ ಬಿಟ್ಟರು. ಅಕ್ಕಿ ಮಾತ್ರ ತೆಗೆದುಕೊಂಡರು. ಹುಳ ಬರುತ್ತದಂತೆ. ಅದಕ್ಕೂ ದಂಡ ಹಾಕಲಿಲ್ಲ, ಬೈಯಲಿಲ್ಲ. ಹೇಳಿದ್ದರಿಂದ ಹೋದದ್ದು ಅಕ್ಕಿಯೊಂದೇ.

ಹೊರಗೆ ಬರುವಾಗ ಎರಡು ತಾಸು ತಡವಾಗಿತ್ತು. ಕಂಬಕ್ಕೆ ಒರಗಿ ನಿಂತಿದ್ದ ಹೆಂಗಸು ನನ್ನ ತಂಗಿ ಎಂದು ಮೊದಲು ತಿಳಿಯಲಿಲ್ಲ. ಕಿವಿಯ ಪಕ್ಕ ಬಿಳಿ ಕೂದಲು. ಅವಳು ಓಡಿ ಬಂದು "ತಿರುಗ್ಸಿ ಕಳಿಸಿಬಿಟ್ಟ ಅಂತ ಮಾಡಿದ್ದೆ ಅಕ್ಕಾ" ಅಂದು ನನ್ನ ಸೆರಗಿನಲ್ಲೇ ಮುಖ ಒರೆಸಿಕೊಂಡಳು. ನಾಲ್ಕು ವರ್ಷದವಳಿದ್ದಾಗಲೂ ಹಾಗೇ ಮಾಡುತ್ತಿದ್ದಳು.

ಪಿಯೋರಿಯಾ

ಅವಳ ಊರು ಚಿಕಾಗೋದಿಂದ ಮೂರು ತಾಸಿನ ದಾರಿ. ದಾರಿಯುದ್ದಕ್ಕೂ ಜೋಳದ ಗದ್ದೆ. ಗುಡ್ಡವೇ ಇಲ್ಲ. ನಮ್ಮಲ್ಲಿ ನಾಲ್ಕು ಹೆಜ್ಜೆಗೆ ಒಂದು ತಿರುವು ಬಂದು ಮುಂದಿನದನ್ನು ಮುಚ್ಚಿಡುತ್ತದೆ. ಅಲ್ಲಿ ನಾಳೆ ತಲುಪುವ ಊರೂ ಇವತ್ತೇ ಕಾಣುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದರು. ಮೊದಲ ದಿನವೇ ಬೇಲಿಯ ಆಚೆಯಿಂದ ಎಷ್ಟು ದಿನ ಇರ್ತೀರಿ ಎಂದು ಕೇಳಿದರು. ನಾನು ನೆಟ್ಟಗೆ ನಿಂತು "ಡಿಸೆಂಬರ್ ಟ್ವೆಲ್ತ್" ಅಂದೆ. ಮಂಗಲಾ ನಕ್ಕಳು. ಮುದುಕಿ "ಯಾವಾಗ ಬೇಕಾದರೂ ಬನ್ನಿ" ಅಂದರು. ಖರೇ ಹೇಳುವ ದೇಶವಲ್ಲವೇ ಎಂದು ಮರುದಿನ ಬೆಳಿಗ್ಗೆ ಚಕ್ಕುಲಿ ಹಿಡಿದುಕೊಂಡು ಹೋದೆ. ಪಾಪ, ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆಗೆದು ತಬ್ಬಿಬ್ಬಾದರು. ಫೋನ್ ಮಾಡಿ ಹೋಗಬೇಕಂತೆ. ಅವರ "ಯಾವಾಗ ಬೇಕಾದರೂ", ನಮ್ಮ "ನಾಳೆ ಹೊರಟೆ", ಎರಡೂ ಒಂದೇ ಒಲೆಯ ದೋಸೆ. ಆದರೂ ಚಕ್ಕುಲಿ ಹಿಡಿಸಿತು. ಆಮೇಲೆ ಅವರೇ ಫೋನ್ ಮಾಡುತ್ತಿದ್ದರು.

ಗೌರಿ ಹಬ್ಬ ಬಂತು. ಬಾಗಿನಕ್ಕೆ ಅಕ್ಕಿ ಬೇಕಲ್ಲ. ಭಾರತದ ಸಾಮಾನಿನ ಅಂಗಡಿಗೆ ಹೋದೆವು. ಗೋಡೆಯೆತ್ತರ ಅಕ್ಕಿ ಮೂಟೆ, ಮೇಲೆ ಎಲ್ಲದರಲ್ಲೂ ಭಾರತದಲ್ಲಿ ಬೆಳೆದದ್ದು ಎಂದು ಬರೆದಿತ್ತು. "ನನ್ನ ಎರಡು ಮುಷ್ಟಿಯಲ್ಲಿ ಹುಳ ಕಂಡವರಿಗೆ ಇದರಲ್ಲಿ ಕಾಣಲಿಲ್ಲವಾ?" ಅಂದೆ. ಶ್ರೀಪಾದ "ಅತ್ತಿಗೆ, ಇದಕ್ಕೆ ಹೊಗೆ ಹಾಕಿ, ಪರೀಕ್ಷೆ ಮಾಡಿ, ಕಾಗದ ಮಾಡಿ ತರ್ತ. ನಿಮ್ಮ ಅಕ್ಕಿಗೆ ಕಾಗದ ಇಲ್ಲೆ" ಅಂದ. ಇರಲಿ. ಕಾಗದ ಇರುವ ಅಕ್ಕಿಯಲ್ಲೇ ಮೊರ ತುಂಬಿದೆ. ಅವರ ಹತ್ತು ವರ್ಷದ ಮಗಳು ಮೇಧಾ ಅಡ್ಡ ಬಂದು ಬಳೆ ಎಣಿಸಿದಳು. ಮಂಗಲಾ ಸೆರಗು ಮುಂದೆ ಮಾಡಿ ಮೊರ ತೆಗೆದುಕೊಂಡಳು. ಹನ್ನೊಂದು ಹಬ್ಬ ಬೇರೆಯವರ ಕೈ ನೋಡಿದ ನನ್ನ ಕಣ್ಣು ಅವಳ ಕೈ ನೋಡಿತು. ಗೌರಮ್ಮ ಅಷ್ಟು ಕೊಟ್ಟಳು.

ಹಬ್ಬದ ಮರುದಿನ ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿಯೇಬಿಟ್ಟೆ. "ಮಂಗಲಾ, ಊರಲ್ಲಿ ಒಂದು ಮಾತಿದ್ದು. ನಿನ್ನ ವೀಸಾ ಮುಗಿದಿದ್ದು ಹೌದಾ?"

"ಹೌದು" ಅಂದಳು.

ನನ್ನ ಜೀವ ಹಾರಿತು. ಅವಳು ನನ್ನ ಮುಖ ನೋಡಿದಳು. "ನೀನೂ ಹಾಂಗೇ ತಿಳಕಂಡ್ಯ ಅಕ್ಕಾ? ಆನು ಕದ್ದು ಕೂತಿದ್ದಿ ಅಂತ?"

ಅವಳು ಒಳಗೆ ಹೋಗಿ ಒಂದು ದಪ್ಪ ಫೈಲು ತಂದು ನನ್ನ ಮಡಿಲಲ್ಲಿ ಇಟ್ಟಳು. ಪಾಸ್‌ಪೋರ್ಟಿನ ವೀಸಾದಲ್ಲಿ ಹಳೆಯ ತಾರೀಖು, ಮುಗಿದದ್ದು. ಅದರ ಕೆಳಗೆ ಬೇರೆ ಕಾಗದ, ಅದರ ಮೇಲೆ ಇನ್ನೂ ಎರಡು ವರ್ಷ ಮುಂದಿನ ತಾರೀಖು. ಅದರ ಹಿಂದೆ ಅಂಥವೇ ಹಳೆಯ ಕಾಗದಗಳು, ಒಂದು ಮುಗಿಯುವ ಮೊದಲೇ ಇನ್ನೊಂದು, ನಡುವೆ ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ.

"ಇದು ಬಾಗಿಲದ್ದು, ಇದು ಒಳಗೆ ಇಪ್ಪದ್ದು" ಅಂದಳು. "ನಿಂಗೆ ಕೌಂಟರಲ್ಲಿ ಹೇಳಿದ್ವಿಲ್ಯಾ? ಬಾಗಿಲದ್ದು ಮುಗಿದ್ರೆ ಒಳಗಿದ್ದವಳು ಕಳ್ಳಿ ಆಗ್ತಿಲ್ಲೆ."

ಅದೇ ಮಾತು ನನಗೆ ಫೋನಿನ ದನಿ ಹೇಳಿತ್ತು. ನನ್ನ ವಿಷಯದಲ್ಲಿ ಅರ್ಥವಾದದ್ದು ಅವಳ ವಿಷಯದಲ್ಲಿ ಹೊಳೆದಿರಲಿಲ್ಲ. ಎತ್ತಿ ಆಡಿಸಿದ ಕೂಸಿನ ಮೇಲೆ ಸೀತಕ್ಕನ ಮಾತಿಗಾಗಿ ಸಂಶಯಪಟ್ಟೆನಲ್ಲ. ಫೈಲನ್ನು ಕಣ್ಣಿಗೊತ್ತಿಕೊಂಡೆ. "ತಪ್ಪಾತು ಕೂಸೇ" ಅಂದೆ. ಅವಳು "ಬಿಡೇ" ಅಂದಳು, ಆದರೆ ಆ ಸಂಜೆ ಚಹಾ ಕೊಡುವಾಗ ನನ್ನ ಮುಖ ನೋಡಲಿಲ್ಲ.

ಎರಡು ದಿನ ಬಿಟ್ಟು ಅವಳೇ ಉಳಿದದ್ದನ್ನು ಹೇಳಿದಳು. ಊರಿಗೆ ಬರಲಿಕ್ಕೆ ಯಾರೂ ಅಡ್ಡ ಇಲ್ಲ. ತಿರುಗಿ ಹೋಗಲಿಕ್ಕೆ ಬಾಗಿಲಿನ ಕಾಗದ ಹೊಸದಾಗಿ ಬೇಕು, ಅದನ್ನು ನಮ್ಮ ದೇಶದಲ್ಲಿ ಅವರ ಕಚೇರಿಯ ಎದುರು ಸರದಿ ನಿಂತು ತೆಗೆದುಕೊಳ್ಳಬೇಕು. ಆ ಸರದಿ ಎಷ್ಟು ದಿನದ್ದು ಎಂದು ಹೇಳುವವರಿಲ್ಲ. ಶ್ರೀಪಾದನ ಕಾರ್ಖಾನೆಯವರೊಬ್ಬರ ಹೆಂಡತಿ ಅಪ್ಪನ ಕ್ರಿಯೆಗೆಂದು ಎರಡು ವಾರಕ್ಕೆ ಹೋದವಳು ಏಳು ತಿಂಗಳು ಅಲ್ಲೇ ಉಳಿದಳು. ಮಗು ಇಲ್ಲಿ, ತಾಯಿ ಅಲ್ಲಿ. ಮೊದಲು ಮೇಧಾ ಹುಟ್ಟಿದಳು, ಆಮೇಲೆ ಶ್ರೀಪಾದ ಕೆಲಸ ಬದಲಿಸಿದ, ಆಮೇಲೆ ಕರೋನಾ ಬಂತು, ಆಮೇಲೆ ಈ ಹೆದರಿಕೆ. ಕಾಯಂ ಇರುವ ಕಾಗದಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಅದರ ಸಾಲೂ ಕಣ್ಣಿಗೆ ಕಾಣುವಷ್ಟು ಚಿಕ್ಕದಲ್ಲ.

"ಹಂಗಾರೆ ಪ್ರತಿ ಹಬ್ಬಕ್ಕೂ ಮುಂದಿನ ವರ್ಷ ಬತ್ತೆ ಅಂತಿದ್ಯಲೇ?"

"ನೀನು ಕೌಂಟರಲ್ಲಿ ಎರಡು ದಿನ ಅಂದ್ಯಲೇ, ಹಾಂಗೇ. ಬಪ್ಪಲೆ ಆಗ್ತಿಲ್ಲೆ ಅಂತ ನಿಂಗೆ ಹೇಳಲೆ ಬಾಯಿ ಬಂಜಿಲ್ಲೆ."

ನಾನು ಅವಳ ಹತ್ತಿರ ಹೋಗಿ ಕೂತೆ. "ಈಗ ಖರೇ ಹೇಳು. ನನ್ನ ಸಂಗಡ ಬಪ್ಪಲೆ ಆಗ್ತಾ?"

"ಇಲ್ಲೆ ಅಕ್ಕಾ."

"ಯಾವಾಗ ಆಗ್ತು?"

"ಗೊತ್ತಿಲ್ಲೆ."

ಆ ಮಾತಿಗೆ ಹನ್ನೊಂದು ವರ್ಷ ಹಿಡಿಯಿತು. ಕೇಳಿದ ಮೇಲೆ ಅತ್ತದ್ದು ಅವಳಲ್ಲ, ನಾನು. ಅವಳು ನನ್ನ ಬೆನ್ನು ಸವರುತ್ತ ಕೂತಳು, ಅಕ್ಕ ನಾನೋ ಅವಳೋ ತಿಳಿಯದ ಹಾಗೆ.

ಉಳಿದ ದಿನ ನಾವು ಊರಿಗೆ ಬರುವ ಮಾತೆತ್ತಲಿಲ್ಲ. ಮೊದಲಿನ ಮೂರು ವಾರ ನಾನು ಅವಳನ್ನು ಕರೆದುಕೊಂಡು ಹೋಗುವ ಲೆಕ್ಕದಲ್ಲೇ ಕಳೆದಿದ್ದೆ. ಅದು ಬಿಟ್ಟ ಮೇಲೆ ಅವಳು ಇದ್ದಲ್ಲೇ ಅವಳು ಕಾಣತೊಡಗಿದಳು. ತಲೆ ಬಾಚಿದೆ. ತಂಬುಳಿ ಮಾಡಿ ಹಾಕಿದೆ. ಮೇಧಾಗೆ ಗಣಪತಿಯ ಶ್ಲೋಕ ಕಲಿಸಿದೆ, ಅವಳು ನನಗೆ ಚಲಿಸುವ ಮೆಟ್ಟಿಲು ಹತ್ತಲು ಕಲಿಸಿದಳು. ಹೊರಡುವ ದಿನ ಮಂಗಲಾ ಬಾಗಿನದ ಮೊರವನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದಳು. ತೆಗೆದಿಡು, ಧೂಳು ಹಿಡಿಯುತ್ತದೆ ಅಂದೆ. ಇರಲಿ, ಕಾಣುತ್ತಿರಲಿ ಅಂದಳು.

ಮತ್ತೆ ತ್ಯಾಗಲಿ

ಬಂದ ಮರುದಿನ ಸೀತಕ್ಕ ಬಂದಳು. "ಈಗಲೇ ಹೊರಟೆ" ಎನ್ನುತ್ತ ಕಾಲು ಚಾಚಿ ಕೂತಳು. "ಹತ್ತು ವರ್ಷದ ವೀಸಾ ತಗಂಡು ನಾಕು ತಿಂಗಳಿಗೆ ಬಂದ್ಯಲೇ. ಓಡ್ಸಿದ್ವಾ?"

"ಇಲ್ಲೆ ಸೀತಕ್ಕ. ಆರು ತಿಂಗಳು ಕೊಟ್ಟಿದ್ದ, ಗಣಪತಿ ಕರೆದ, ಬಂದೆ." ಬಾಗಿಲಿನ ಕಾಗದ, ಒಳಗಿನ ಕಾಗದ ಎರಡನ್ನೂ ವಿವರಿಸಿದೆ. ನನ್ನ ತಂಗಿ ಕಳ್ಳಿಯಲ್ಲ ಎಂದು ದೊಡ್ಡ ದನಿಯಲ್ಲಿ, ಅವಳು ಹೇಳಿ ಬಂದ ನಾಲ್ಕು ಮನೆಗೂ ಕೇಳುವ ಹಾಗೆ ಹೇಳಿದೆ. ಸೀತಕ್ಕ ಎಲೆಗೆ ಸುಣ್ಣ ಹಚ್ಚುತ್ತ ತಲೆ ತಗ್ಗಿಸಿದಳು. ಎಲೆ ಮಡಚಿ ಬಾಯಿಗಿಟ್ಟು ಮೆತ್ತಗೆ ಕೇಳಿದಳು, "ಹಂಗಾರೆ ಮಂಗಲಾ ಯಾವಾಗ ಬತ್ತು?"

ಮುಂದಿನ ವರ್ಷ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಗೊತ್ತಿಲ್ಲೆ" ಅಂದೆ. ಅವಳು ನನ್ನ ಕೈ ಹಿಡಿದಳು. ಊಟ ಮಾಡಿಕೊಂಡೇ ಹೋದಳು.

ಪಾಸ್‌ಪೋರ್ಟನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಇವರು ದಿನಾ ಅದರ ಮೇಲೂ ಒಂದು ಹೂವು ಹಾಕುತ್ತಾರೆ, ಯಾಕೆಂದು ನಾನು ಕೇಳಿಲ್ಲ. ಮಗಳು ತವರಿಗೆ ಬರಲಾಗದಿದ್ದರೆ ತವರಿನವರೇ ಬಾಗಿನ ಹೊತ್ತು ಹೋಗುವುದು ನಮ್ಮಲ್ಲಿ ಹೊಸತೇನಲ್ಲ. ನನ್ನ ತವರೂರು ದೊಡ್ಮನೆಯಿಂದ ಅಪ್ಪಯ್ಯ ಹಾಗೆ ನಡೆದು ಬರುತ್ತಿದ್ದ. ದಾರಿ ಸ್ವಲ್ಪ ಉದ್ದ, ಅಷ್ಟೇ.

ಮೊನ್ನೆ ಮಂಗಲಾ ಫೋನ್ ಮಾಡಿದ್ದಳು. ಈ ಸಲ ಮುಂದಿನ ವರ್ಷದ ಮಾತು ಅವಳು ಆಡಲಿಲ್ಲ, ನಾನು ಆಡಿದೆ.

"ಮುಂದಿನ ಗೌರಿ ಹಬ್ಬಕ್ಕೆ ಆನೇ ಬತ್ತೆ. ಅಕ್ಕಿ ನೀನು ತಂದಿಡು."

ಆಚೆ ಕಡೆ ಅವಳು ನಕ್ಕದ್ದು ಕೇಳಿತು, ಆಮೇಲೆ ಮೂಗು ಎಳೆದದ್ದು. "ಎಷ್ಟು ದಿನ ಇರ್ತೆ ಅಕ್ಕಾ?"

"ಕೊಟ್ಟಷ್ಟು ದಿನ" ಅಂದೆ.